ಕಾರ್ಟೂನನ್ನು ಕಿವಿಯಿಂದಲೂ ನೋಡಬೇಕು

ಮಾನ್ಯ ಸಂಪಾದಕರೆ,

ಮಕ್ಕಳು ನೋಡುವ ಟಿ.ವಿ. ಕಾರ್ಟೂನ್‌ಗಳ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಆಗೊಮ್ಮೆ ಈಗೊಮ್ಮೆ ಪತ್ರಗಳು ಬರುತ್ತಿರುತ್ತವೆ. ಅವುಗಳಲ್ಲಿ ಬಹುಪಾಲು ಒಂದೇ ಧಾಟಿಯವು. ತಮ್ಮ ಬಾಲ್ಯದಲ್ಲಿ ಕಂಡ ಕಾರ್ಟೂನ್‌ಗಳು ಸರಳವೂ ಸಭ್ಯವೂ ಆಗಿದ್ದವು, ಈಗಿನವು ಬರೀ ಗದ್ದಲ ಮತ್ತು ಹೊಡೆದಾಟ, ಆದ್ದರಿಂದ ಮಕ್ಕಳನ್ನು ಅವುಗಳಿಂದ ದೂರ ಇಡಬೇಕು ಎಂಬುದು ಆ ಪತ್ರಗಳ ಸಾರ. ದೂರದರ್ಶನದ ಕಾಲದಲ್ಲಿ ಬೆಳೆದು, ಈಗ ಮಗಳ ಪಕ್ಕದಲ್ಲಿ ಕುಳಿತು ಹೊಸ ಸರಣಿಗಳನ್ನು ನೋಡುತ್ತಿರುವ, ಅವಳು ಮಲಗಿದ ಮೇಲೆ ದೊಡ್ಡವರಿಗೆಂದೇ ಮಾಡಿದ ಅನಿಮೇಷನ್ ಸರಣಿಗಳನ್ನೂ ಬಿಡದ ನನಗೆ ಈ ವಾದ ಒಪ್ಪಿಗೆಯಾಗುವುದಿಲ್ಲ. ಹಳೆಯದು, ಹೊಸದು ಎಂಬ ವಿಂಗಡಣೆಯಿಂದ ಯಾವ ಕಾರ್ಟೂನಿನ ಗುಣವನ್ನೂ ಅಳೆಯಲಾಗದು. ಟಿ.ವಿ.ಗಾಗಿ ಮಾಡಿದ ಅನಿಮೇಷನ್ ಹುಟ್ಟಿದಂದಿನಿಂದಲೂ ಚಿತ್ರಕ್ಕಿಂತ ಹೆಚ್ಚಾಗಿ ದನಿಯ ಬಲದಿಂದ ನಿಂತ ಕಲೆ ಎಂಬುದು ನನ್ನ ಅಭಿಪ್ರಾಯ. ಅದು ನಿಜವಾದರೆ, ನಮ್ಮ ಮಕ್ಕಳು ಅದನ್ನು ಎಂಥ ದನಿಯಲ್ಲಿ, ಎಂಥ ಕನ್ನಡದಲ್ಲಿ ಕೇಳುತ್ತಿದ್ದಾರೆ ಎಂಬ ಪ್ರಶ್ನೆ ಉಳಿದೆಲ್ಲ ಪ್ರಶ್ನೆಗಳಿಗಿಂತ ಮೊದಲು ಬರಬೇಕು. ಆ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಲು ಅವಕಾಶ ಕೋರುತ್ತೇನೆ.

ಟಾಮ್ ಅಂಡ್ ಜೆರ್ರಿಯನ್ನು ನಾವೆಲ್ಲ ಟಿ.ವಿ. ಕಾರ್ಟೂನ್ ಎಂದೇ ತಿಳಿದಿದ್ದೇವೆ. ವಾಸ್ತವದಲ್ಲಿ ಅದು ಟಿ.ವಿ.ಗಾಗಿ ಮಾಡಿದ್ದಲ್ಲ. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಅವರು 1940ರಿಂದ ಅಮೆರಿಕದ ಎಂಜಿಎಂ ಸಂಸ್ಥೆಯಲ್ಲಿ ಅದನ್ನು ಚಿತ್ರಮಂದಿರಗಳಿಗಾಗಿ ತಯಾರಿಸಿದರು. ಆ ಕಿರುಚಿತ್ರಗಳಿಗೆ ಏಳು ಆಸ್ಕರ್ ಪ್ರಶಸ್ತಿಗಳು ಬಂದವು. ಏಳೆಂಟು ನಿಮಿಷದ ಒಂದೊಂದು ಚಿತ್ರದ ಹಿಂದೆಯೂ ತಿಂಗಳುಗಟ್ಟಲೆ ಕೆಲಸ, ಸಾವಿರಾರು ರೇಖಾಚಿತ್ರಗಳು, ಬೆಕ್ಕಿನ ಒಂದೊಂದು ಹೆಜ್ಜೆಗೂ ಸ್ವರ ಹೊಂದಿಸಿದ ಸ್ಕಾಟ್ ಬ್ರಾಡ್ಲಿ ಅವರ ವಾದ್ಯವೃಂದ ಇದ್ದವು. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಕೆಲಸ ಹೋದ ಈ ಇಬ್ಬರು ಅದೇ ವರ್ಷ ಸ್ವಂತ ಸಂಸ್ಥೆ ಕಟ್ಟಿ ಟಿ.ವಿ. ಕಡೆ ಹೊರಳಿದರು. ಅಲ್ಲಿ ಸಿಗುತ್ತಿದ್ದ ಹಣ ಹಿಂದಿನದರ ಸಣ್ಣ ಪಾಲು ಮಾತ್ರ. ಆದರೆ ಕಂತುಗಳು ವಾರವಾರವೂ ಬೇಕು.

ಆ ಬಡತನದಿಂದ ಹುಟ್ಟಿದ ಉಪಾಯಗಳನ್ನು ಇಂದಿಗೂ ಪರದೆಯ ಮೇಲೆ ಕಣ್ಣಾರೆ ಕಾಣಬಹುದು. ಮೈಮೇಲೆ ಬೇರೆ ಬಟ್ಟೆಯಿಲ್ಲದ ಯೋಗಿ ಬೇರ್ ಎಂಬ ಕರಡಿ ಕೊರಳಿಗೆ ಮಾತ್ರ ಕಾಲರು, ಟೈ ಕಟ್ಟಿಕೊಂಡಿರುವುದು ಶೋಕಿಗಲ್ಲ. ಕಾಲರಿನ ಮರೆಯಲ್ಲಿ ಕತ್ತಿನ ಗೆರೆ ಮುಚ್ಚಿಹೋಗುವುದರಿಂದ ದೇಹದ ಚಿತ್ರವನ್ನು ಹಾಗೆಯೇ ಇಟ್ಟು ತಲೆಯನ್ನಷ್ಟೇ, ಕೆಲವೊಮ್ಮೆ ಬಾಯಿಯನ್ನಷ್ಟೇ, ಮತ್ತೆ ಮತ್ತೆ ಬರೆದರೆ ಸಾಕಾಗುತ್ತಿತ್ತು. ಪಾತ್ರಗಳು ಮನೆಯೊಳಗೆ ಓಡುವಾಗ ಹಿಂದೆ ಅದೇ ಕಿಟಕಿ, ಅದೇ ಮೇಜು, ಅದೇ ದೀಪ ಸಾಲಾಗಿ ಹಾದುಹೋಗುತ್ತವೆ. ದೊಡ್ಡ ಅಪಘಾತವೊಂದು ಪರದೆಯ ಹೊರಗೆ ನಡೆಯುತ್ತದೆ; ನಮಗೆ ಕೇಳುವುದು ಸದ್ದು, ಕಾಣುವುದು ಅಲುಗಾಡುವ ಒಂದು ಸ್ಥಿರಚಿತ್ರ. ಚಿತ್ರಮಂದಿರದ ಕಾರ್ಟೂನ್‌ಗಳಲ್ಲಿ ಪಳಗಿದ್ದ ಚಕ್ ಜೋನ್ಸ್ ಇದನ್ನು ಕಂಡು ಚಿತ್ರಸಹಿತ ರೇಡಿಯೊ ಎಂದು ಮೂದಲಿಸಿದ್ದರು. ಅವರ ಮೂದಲಿಕೆ ಸರಿಯಾಗಿಯೇ ಇತ್ತು. ಆದರೆ ರೇಡಿಯೊ ಎಂಬುದು ಬೈಗುಳವೇಕಾಗಬೇಕು ಎಂಬುದು ನನಗೆ ತಿಳಿಯದು.

ನಮ್ಮ ಕಡೆಯ ತಾಳಮದ್ದಳೆಯನ್ನು ನೆನಪಿಸಿಕೊಳ್ಳಿ. ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಭಾಗವತರ ಪದ್ಯ, ಚೆಂಡೆ ಮದ್ದಳೆ, ಮತ್ತು ಪಂಚೆ ಉಟ್ಟು ಸುಮ್ಮನೆ ಎದುರುಬದುರು ಕುಳಿತ ಅರ್ಥಧಾರಿಗಳು, ಇಷ್ಟೇ. ಆದರೂ ಕರಾವಳಿ ಮಲೆನಾಡುಗಳ ಜನ ರಾತ್ರಿಯಿಡೀ ಕುಳಿತು ಕೇಳುತ್ತಾರೆ, ಏಕೆಂದರೆ ಕರ್ಣನೂ ಶಲ್ಯನೂ ಆ ಮಾತಿನಲ್ಲೇ ಎದ್ದು ನಿಲ್ಲುತ್ತಾರೆ. ಹ್ಯಾನಾ ಬಾರ್ಬೆರಾ ಅವರ ಟಿ.ವಿ. ಕಾರ್ಟೂನ್‌ಗಳು ಹೆಚ್ಚು ಕಡಿಮೆ ಈ ಜಾತಿಯವು. ಅಲ್ಲಿ ಕುಣಿಯುವುದು ಮಾತು. ಚಿತ್ರ ಕುಳಿತೇ ಇರುತ್ತದೆ.

ಇದಕ್ಕೆ ನನಗೆ ತಿಳಿದ ಅತ್ಯುತ್ತಮ ಸಾಕ್ಷಿ ದಿ ಫ್ಲಿಂಟ್‌ಸ್ಟೋನ್ಸ್ ಸರಣಿ. ಶಿಲಾಯುಗದ ನೆರೆಹೊರೆಯ ಎರಡು ಸಂಸಾರಗಳ ಕಥೆ ಹೇಳುವ ಈ ಸರಣಿ 1960ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ, ಮಕ್ಕಳ ವೇಳೆಯಲ್ಲಲ್ಲ, ದೊಡ್ಡವರು ಊಟ ಮುಗಿಸಿ ಕೂರುವ ರಾತ್ರಿಯ ವೇಳೆಯಲ್ಲಿ ಆರಂಭವಾಯಿತು. 1966ರ ತನಕ 166 ಕಂತುಗಳು ಬಂದವು. ಅದರಲ್ಲಿ ಪಕ್ಕದ ಮನೆಯ ಬಾರ್ನಿ ಪಾತ್ರಕ್ಕೆ ದನಿ ಕೊಡುತ್ತಿದ್ದವರು ಮೆಲ್ ಬ್ಲಾಂಕ್. 1961ರ ಜನವರಿಯಲ್ಲಿ ಅವರು ಭೀಕರ ಕಾರು ಅಪಘಾತಕ್ಕೆ ಸಿಕ್ಕಿ ವಾರಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದರು. ಕೆಲವು ಕಂತುಗಳನ್ನು ಡಾಸ್ ಬಟ್ಲರ್ ಎಂಬ ಇನ್ನೊಬ್ಬ ಕಲಾವಿದರಿಂದ ಮಾಡಿಸಲಾಯಿತು. ಆದರೆ ಚೇತರಿಸಿಕೊಳ್ಳುತ್ತಿದ್ದಂತೆಯೇ, ಮೈತುಂಬ ಪ್ಲಾಸ್ಟರ್ ಹಾಕಿದ ಸ್ಥಿತಿಯಲ್ಲಿ, ಮಲಗಿದ ಹಾಸಿಗೆಯ ಮೇಲೆ ಮೈಕು ಇಳಿಬಿಟ್ಟು ಬ್ಲಾಂಕ್ ಬಾರ್ನಿಯ ಮಾತುಗಳನ್ನು ಆಡತೊಡಗಿದರು. ಚಿತ್ರ ಬರೆಯುವವರನ್ನು ಯಾರು ಬೇಕಾದರೂ ಬದಲಿಸಬಹುದಿತ್ತು, ಬದಲಿಸುತ್ತಲೂ ಇದ್ದರು. ಆದರೆ ಆ ಕುಳ್ಳ ನೆರೆಯವನ ಮೂಗಿನ ನಗುವಿಗಾಗಿ ಇಡೀ ಧ್ವನಿಮುದ್ರಣದ ಸರಂಜಾಮನ್ನು ರೋಗಿಯ ಕೋಣೆಗೆ ಸಾಗಿಸಿದರು. ಈ ಒಂದು ಸಂಗತಿ ತಿಳಿದ ಮೇಲೆ ಆ ಸರಣಿಯನ್ನು ನಾನು ಬೇರೆಯೇ ರೀತಿಯಲ್ಲಿ ಕೇಳತೊಡಗಿದೆ.

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಮುಗ್ಧತೆಯ ಮಾತಂತೂ ಬೇಡವೇ ಬೇಡ. ಇದೇ ಫ್ಲಿಂಟ್‌ಸ್ಟೋನ್ಸ್‌ನ ಆರಂಭದ ವರ್ಷಗಳ ಪ್ರಾಯೋಜಕರು ವಿನ್‌ಸ್ಟನ್ ಸಿಗರೇಟಿನವರು. ಕಥೆಯ ನಾಯಕ ಫ್ರೆಡ್ ಮತ್ತು ಬಾರ್ನಿ ಇಬ್ಬರೂ ಹಿತ್ತಲಲ್ಲಿ ನಿಂತು ಸಿಗರೇಟು ಸೇದುವ ಜಾಹೀರಾತು ಅದರ ಜೊತೆಗೇ ಪ್ರಸಾರವಾಗುತ್ತಿತ್ತು. ಟಾಮ್ ಅಂಡ್ ಜೆರ್ರಿಯ ಹಳೆಯ ಚಿತ್ರಗಳಲ್ಲಿ ಮನೆಗೆಲಸದ ಕಪ್ಪು ಮಹಿಳೆಯನ್ನು ಚಿತ್ರಿಸಿದ ಬಗೆ ಇಂದು ನೋಡಿದರೆ ಮುಜುಗರ ತರುತ್ತದೆ. 1983ರ ಹೀ-ಮ್ಯಾನ್ ಸರಣಿ ನಮ್ಮ ದೂರದರ್ಶನದಲ್ಲೂ ಬಂತು. ಪ್ರತಿ ಕಂತಿನ ಕೊನೆಗೆ ನೀತಿ ಹೇಳುತ್ತಿದ್ದ ಆ ಸರಣಿ ಮ್ಯಾಟೆಲ್ ಸಂಸ್ಥೆಯ ಬೊಂಬೆಗಳ ಬೆನ್ನಿಗೆ ಹುಟ್ಟಿದ್ದು. ಅಂದಿನ ಅಮೆರಿಕದಲ್ಲಿ ಮಕ್ಕಳ ಟಿ.ವಿ.ಯ ಮೇಲಿನ ನಿಯಮಗಳು ಸಡಿಲವಾಗುತ್ತಿದ್ದ ಕಾಲಕ್ಕೆ ಇಂಥ ಬೊಂಬೆ ಸರಣಿಗಳು ಸಾಲುಗಟ್ಟಿ ಬಂದವು. ಈಗಿನ ಕಾರ್ಟೂನ್‌ಗಳಿಂದ ಮಕ್ಕಳು ಬ್ಯಾಗು, ಕಂಪಾಸು ಬಾಕ್ಸು ಕೇಳುತ್ತಾರೆಂದು ಗೊಣಗುವ ನನ್ನ ವಯಸ್ಸಿನವರು ಇದನ್ನು ಮರೆಯಬಾರದು.

ವೇಗದ ಬಗ್ಗೆ ಒಂದು ಮಾತು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ 60 ಮಂದಿ ನಾಲ್ಕು ವರ್ಷದ ಮಕ್ಕಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಒಂಬತ್ತು ನಿಮಿಷ ಅತಿವೇಗದ ಕಾರ್ಟೂನ್ ತೋರಿಸಿದರು. ಇನ್ನೊಂದಕ್ಕೆ ನಿಧಾನದ ಕಾರ್ಟೂನ್, ಮತ್ತೊಂದಕ್ಕೆ ಚಿತ್ರ ಬರೆಯುವ ಕೆಲಸ. ಬೆನ್ನಿಗೇ ನಡೆಸಿದ ಪರೀಕ್ಷೆಗಳಲ್ಲಿ ಮೊದಲ ಗುಂಪಿನ ಮಕ್ಕಳು ಹಿಂದೆ ಬಿದ್ದರು. ಈ ಅಧ್ಯಯನವನ್ನು ಹೊಸ ಕಾರ್ಟೂನ್‌ಗಳ ವಿರುದ್ಧ ಅಸ್ತ್ರವಾಗಿ ಬಳಸುವವರಿದ್ದಾರೆ. ಆದರೆ ಅದು ಅಳೆದದ್ದು ನೋಡಿದ ಕೂಡಲೇ ಆಗುವ ಪರಿಣಾಮವನ್ನು ಮಾತ್ರ, ಮತ್ತು ವೇಗವನ್ನು, ಹುಟ್ಟಿದ ವರ್ಷವನ್ನಲ್ಲ. 1940ರ ದಶಕದ ಟಾಮ್ ಅಂಡ್ ಜೆರ್ರಿಗಿಂತ ಧಾವಂತದ ಕಾರ್ಟೂನ್ ಇಂದಿಗೂ ಹೆಚ್ಚಿಲ್ಲ.

ನಮ್ಮ ಊರಿನ ಅನುಭವಕ್ಕೆ ಬರುತ್ತೇನೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮೋಗ್ಲಿಯ ಸರಣಿ ಬರುತ್ತಿತ್ತು. ಅದು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ 1989ರಲ್ಲಿ ತಯಾರಿಸಿದ 52 ಕಂತುಗಳ ಸರಣಿ. ಕಥೆಯ ಕಾಡು ಮಧ್ಯಪ್ರದೇಶದ ಸಿವನಿಯದು, ಬರೆದ ಕಿಪ್ಲಿಂಗ್ ಇಂಗ್ಲಿಷರು, ಚಿತ್ರಿಸಿದವರು ಜಪಾನಿಯರು. ಆದರೆ ಮಲೆನಾಡಿನ ನಮ್ಮ ಕೇರಿಗೆ ಅದು ಬಂದದ್ದು ಹಿಂದಿಯಲ್ಲಿ. ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ಸಂಗೀತ ಕೊಟ್ಟ ಅದರ ಶೀರ್ಷಿಕೆ ಗೀತೆಯನ್ನು ಹಿಂದಿಯ ಅಕ್ಷರವೂ ಬಾರದ ಮಕ್ಕಳು ಅರ್ಥ ಗೊತ್ತಿಲ್ಲದೆ ಹಾಡುತ್ತಿದ್ದರು. ಶೇರ್ ಖಾನ್ ಹುಲಿಗೆ ನಾನಾ ಪಾಟೇಕರ್ ಕೊಟ್ಟ ದನಿಯಂತೂ ಈಗಲೂ ನನ್ನ ಕಿವಿಯಲ್ಲಿದೆ. ಚಿತ್ರಗಳನ್ನು ಇಂದು ಮತ್ತೆ ನೋಡಿದರೆ ಅಷ್ಟೇನೂ ವಿಶೇಷ ಕಾಣುವುದಿಲ್ಲ. ಓಟ, ಜಿಗಿತಗಳೆಲ್ಲ ಅಲ್ಲಲ್ಲಿ ಪುನರಾವರ್ತನೆ. ಆ ಸರಣಿಯನ್ನು ನಮ್ಮದಾಗಿಸಿದ್ದು ಹಾಡು ಮತ್ತು ಕಂಠ. ಅದು ಕನ್ನಡದಲ್ಲಿ ಬಂದಿದ್ದರೆ ಹೇಗಿರುತ್ತಿತ್ತು ಎಂದು ಆಗ ಯಾರೂ ಕೇಳಲಿಲ್ಲ. ಟಿ.ವಿ.ಯ ಭಾಷೆ ಹಿಂದಿ ಎಂಬುದು ನಮಗೆ ಮಳೆಗಾಲದಷ್ಟೇ ಸಹಜವಾಗಿತ್ತು.

1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು, ಕೇಬಲ್ ಹಾಕಿಸಿಕೊಂಡವರ ಮನೆಗಳಲ್ಲಿ ಹಳೆಯ ಅಮೆರಿಕನ್ ಕಾರ್ಟೂನ್‌ಗಳ ರಾಶಿಯೇ ಸುರಿಯಿತು. ಆಗ ನಾನು ಗಮನಿಸಿದ್ದೆಂದರೆ, ಟಾಮ್ ಅಂಡ್ ಜೆರ್ರಿ ಬಂದಾಗ ಅಜ್ಜಿಯರೂ ಕೂತು ನಗುತ್ತಿದ್ದರು. ಫ್ಲಿಂಟ್‌ಸ್ಟೋನ್ಸ್ ಬಂದಾಗ ಮಕ್ಕಳೂ ಎದ್ದು ಹೋಗುತ್ತಿದ್ದರು. ಎರಡನ್ನೂ ಮಾಡಿದವರು ಅದೇ ಇಬ್ಬರು ಎಂಬುದನ್ನು ಆಗ ಬಲ್ಲವರಿರಲಿಲ್ಲ. ಮೊದಲನೆಯದಕ್ಕೆ ಮಾತು ಬೇಕಿಲ್ಲ, ಎರಡನೆಯದಕ್ಕೆ ಮಾತೇ ಪ್ರಾಣ, ಮತ್ತು ಆ ಮಾತು ನಮಗೆ ತಿಳಿಯದ ಅಮೆರಿಕನ್ ಇಂಗ್ಲಿಷಿನದು. ಗಂಡ ಹೆಂಡತಿ ಜಗಳ, ಜುಗ್ಗ ಮೇಲಧಿಕಾರಿ, ಸಾಲ ಕೇಳುವ ನೆರೆಯವ, ಎಲ್ಲವೂ ನಮ್ಮ ಪ್ರಹಸನಗಳ ಸರಕೇ ಆಗಿದ್ದರೂ ಅದು ನಮ್ಮ ಮನೆಗಳನ್ನು ಮುಟ್ಟಲಿಲ್ಲ. ಒಳ್ಳೆಯ ಕನ್ನಡ ದನಿಗಳಲ್ಲಿ ಬಂದಿದ್ದರೆ ಅದರ ಗತಿಯೇ ಬೇರೆಯಾಗುತ್ತಿತ್ತು ಎಂದು ನಾನು ಈಗಲೂ ನಂಬಿದ್ದೇನೆ.

ಹೊಸ ಸರಣಿಗಳಿಗೆ ಬಂದರೆ, ಗಣಕಯಂತ್ರದಿಂದಾಗಿ ಚಿತ್ರದ ಬಡತನ ಬಹುಮಟ್ಟಿಗೆ ನೀಗಿದೆ. ಪ್ಯಾರಿಸ್ಸಿನ ಫೋರ್ಟಿಶ್ ಸ್ಟುಡಿಯೊ ತಯಾರಿಸಿದ, 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಆರ್ಕೇನ್ ಸರಣಿಯ ಯಾವ ಚೌಕಟ್ಟನ್ನು ನಿಲ್ಲಿಸಿದರೂ ಕುಂಚದಿಂದ ಬರೆದ ವರ್ಣಚಿತ್ರದಂತೆ ಕಾಣುತ್ತದೆ. ಅದರ ಎರಡನೆಯ ಭಾಗದಲ್ಲಿ ಹಾಡಿನ ಮೇಲೆ ಹಾಡು ಸುರಿದು ಪಾತ್ರಗಳಿಗೆ ಮಾತನಾಡಲು ಬಿಡುವೇ ಸಿಗಲಿಲ್ಲವೆಂಬುದು ನನ್ನ ತಕರಾರು. ಅದರ ಅಭಿಮಾನಿಗಳು ಒಪ್ಪಲಿಕ್ಕಿಲ್ಲ. ಚಿತ್ರ ಎಷ್ಟೇ ಶ್ರೀಮಂತವಾದರೂ ಮನಸ್ಸಿನಲ್ಲಿ ನಿಲ್ಲುವುದು ಬೇರೆ. 2005ರಿಂದ 2008ರವರೆಗೆ ನಿಕೆಲೋಡಿಯನ್‌ನಲ್ಲಿ 61 ಕಂತುಗಳಾಗಿ ಬಂದ ಅವತಾರ್: ದಿ ಲಾಸ್ಟ್ ಏರ್‌ಬೆಂಡರ್ ಸರಣಿಯಲ್ಲಿ ನೀರು, ಮಣ್ಣು, ಬೆಂಕಿ, ಗಾಳಿಗಳನ್ನು ಆಳುವವರ ಒಂದೊಂದು ಪಂಗಡಕ್ಕೂ ಚೀನಾದ ಒಂದೊಂದು ಸಮರಕಲೆಯ ವರಸೆಯನ್ನು ಅಳವಡಿಸಿದ್ದರು, ಅದು ಕಣ್ಣಿಗೆ ಹಬ್ಬವೇ. ಆದರೂ ಅದನ್ನು ನೆನೆದಾಗ ನನಗೆ ಮೊದಲು ಕೇಳುವುದು ಚಹಾ ಕುಡಿಯುತ್ತ ಬುದ್ಧಿ ಹೇಳುವ ಮುದುಕ ಐರೋನ ದನಿ. ಆ ದನಿ ಕೊಟ್ಟ ಜಪಾನಿ ಮೂಲದ ನಟ ಮಾಕೊ 2006ರ ಜುಲೈನಲ್ಲಿ ತೀರಿಕೊಂಡರು. ಎರಡನೆಯ ಭಾಗದ ಒಂದು ಕಂತಿನಲ್ಲಿ ಐರೋ ಊರಾಚೆಯ ಗುಡ್ಡದ ಮೇಲೆ ಮರದಡಿ ಕುಳಿತು, ಯುದ್ಧದಲ್ಲಿ ಸತ್ತ ಮಗನ ಪಟದ ಮುಂದೆ ಊದುಬತ್ತಿ ಹಚ್ಚಿ, ಒಂದು ಚಿಕ್ಕ ಹಾಡು ಹಾಡಲು ಹೋಗಿ ಗಂಟಲು ಕಟ್ಟಿ ಅಳುತ್ತಾನೆ. ಆ ತುಣುಕನ್ನು ಮಾಕೊ ಅವರಿಗೇ ಅರ್ಪಿಸಿದ್ದಾರೆ. ಅಲ್ಲಿ ಚಿತ್ರ ಹೆಚ್ಚೇನೂ ಕದಲುವುದಿಲ್ಲ. ಕಂಠವೊಂದು ಬಿರಿಯುವುದನ್ನು ಕೇಳುತ್ತೇವೆ, ಅಷ್ಟೆ. ಮಕ್ಕಳ ಕಾರ್ಟೂನಿನಲ್ಲಿ ಇದಕ್ಕಿಂತ ದೊಡ್ಡ ನಟನೆಯನ್ನು ನಾನು ಕಂಡಿಲ್ಲ.

ಜಪಾನೀಯರು ಈ ವಿಷಯದಲ್ಲಿ ನಮಗಿಂತ ಬಹಳ ಮುಂದಿದ್ದಾರೆ. ಒಸಾಮು ತೆಜುಕಾ 1963ರ ಹೊಸವರ್ಷದ ದಿನ ಆರಂಭಿಸಿದ ಆಸ್ಟ್ರೊ ಬಾಯ್ ಸರಣಿ ಅಮೆರಿಕದವರಿಗಿಂತಲೂ ಕಡಿಮೆ ಚಿತ್ರಗಳಲ್ಲಿ ಕೆಲಸ ಮುಗಿಸುತ್ತಿತ್ತು. ಅಂದಿನಿಂದ ಅಲ್ಲಿ ಕಂಠ ಕಲಾವಿದರ ವೃತ್ತಿಯೇ ಒಂದು ಪರಂಪರೆಯಾಗಿ ಬೆಳೆದಿದೆ. ಡೊರೆಮಾನ್ ಬೆಕ್ಕಿಗೆ ನೊಬುಯೊ ಒಯಾಮಾ ಎಂಬಾಕೆ 1979ರಿಂದ 2005ರ ತನಕ ದನಿಯಾಗಿದ್ದರು. ಎರಡು ಪೀಳಿಗೆಯ ಮಕ್ಕಳು ಬೆಳೆದದ್ದು ಆ ಒಂದೇ ಕಂಠದಲ್ಲಿ. ಮೌನವನ್ನು ಬಳಸುವುದರಲ್ಲೂ ಅವರು ಧೈರ್ಯಸ್ಥರು. 1995ರ ಇವ್ಯಾಂಜಿಲಿಯನ್ ಸರಣಿಯಲ್ಲಿ ಒಬ್ಬರನ್ನೊಬ್ಬರು ಸಹಿಸದ ಇಬ್ಬರು ಹುಡುಗಿಯರು ಲಿಫ್ಟ್‌ನಲ್ಲಿ ನಿಂತಿರುವ ಒಂದೇ ಚಿತ್ರ ಹತ್ತಿರಹತ್ತಿರ ಒಂದು ನಿಮಿಷ ಕದಲದೆ ಪರದೆಯ ಮೇಲಿರುತ್ತದೆ. ಯಂತ್ರದ ಗುಂಯ್‌ಗುಡುವಿಕೆ ಮಾತ್ರ ಕೇಳುತ್ತದೆ. ಅದು ಮಕ್ಕಳ ಸರಣಿಯಲ್ಲ ಎಂಬುದನ್ನು ಪೋಷಕರ ಗಮನಕ್ಕೆ ತರುತ್ತೇನೆ.

ಸಣ್ಣ ಮಕ್ಕಳಿಗಾಗಿ ಈಗ ಬರುತ್ತಿರುವುದರಲ್ಲಿ ನನ್ನ ಮನಸ್ಸಿಗೆ ಒಪ್ಪಿದ್ದು ಬ್ಲೂಯಿ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಜೋ ಬ್ರಮ್ ಅವರು ರೂಪಿಸಿದ, 2018ರಲ್ಲಿ ಆರಂಭವಾದ ಈ ಸರಣಿಯ ಒಂದೊಂದು ಕಂತು ಏಳೇ ನಿಮಿಷ. ಒಂದು ನಾಯಿ ಸಂಸಾರ, ಇಬ್ಬರು ಹೆಣ್ಣುಮಕ್ಕಳು, ಅವರ ಆಟಗಳು. ಖಳನಾಯಕರಿಲ್ಲ, ಮಾಯಾದಂಡವಿಲ್ಲ. ಆ ಇಬ್ಬರು ಮಕ್ಕಳ ಪಾತ್ರಗಳಿಗೆ ದನಿ ಕೊಟ್ಟವರು ತಯಾರಿಕಾ ಬಳಗದವರ ಸ್ವಂತ ಮಕ್ಕಳೇ. ಅವರ ಹೆಸರುಗಳನ್ನು ಉದ್ದೇಶಪೂರ್ವಕವಾಗಿ ಪ್ರಕಟಿಸಿಲ್ಲ. ದೊಡ್ಡವರು ಮಗುವಿನ ದನಿ ಅನುಕರಿಸುವಾಗ ಬರುವ ಕೀರಲು ಅಲ್ಲಿ ಇಲ್ಲ. ನಿಜವಾದ ಮಗು ಉಸಿರು ಸಿಗದೆ ಮಾತು ತಡವರಿಸುವುದು ಅಲ್ಲಿ ಕೇಳುತ್ತದೆ. ಅದರ ಒಂದು ಮಳೆಯ ಕಂತಿನಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಬಾಗಿಲ ಮುಂದಿನ ಇಳಿಜಾರಿನಲ್ಲಿ ಹರಿಯುವ ನೀರನ್ನು ಪುಟ್ಟ ಹುಡುಗಿ ಕೈಗೆ ಸಿಕ್ಕಿದ್ದೆಲ್ಲ ಅಡ್ಡ ಇಟ್ಟು ಕಟ್ಟಲು ನೋಡುತ್ತಾಳೆ. ಕೆಸರುಗಾಲಲ್ಲಿ ಮನೆಯೊಳಗೆ ಓಡಾಡುವ ಅವಳನ್ನು ಕಂಡು ತಾಯಿ ರೇಗುತ್ತಾಳೆ. ಕೊನೆಗೆ ತಾನೂ ಬಂದು ಪಕ್ಕದಲ್ಲಿ ಕೂರುತ್ತಾಳೆ. ನಮ್ಮ ಮಗಳಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಆಷಾಢದಲ್ಲಿ ಅಂಗಳದ ನೀರಿಗೆ ಅಡಿಕೆ ಹಾಳೆ ಅಡ್ಡ ಇಟ್ಟು ಬೈಸಿಕೊಂಡವಳು ಅವಳು.

ಹೀಗೆ ಮಾತಿನ ಹಂಗಿಲ್ಲದ ಸರಣಿಗಳೂ ಇವೆ. 1990ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ಜೇಡಿಮಣ್ಣಿನ ಪೆಂಗ್ವಿನ್ ಪಿಂಗು, 2007ರಿಂದ ಬರುತ್ತಿರುವ ಇಂಗ್ಲೆಂಡಿನ ಶಾನ್ ಎಂಬ ಕುರಿ, ಇವೆರಡೂ ಯಾವ ಭಾಷೆಯನ್ನೂ ಆಡುವುದಿಲ್ಲ. ಪಿಂಗುವಿನ ಹಳೆಯ ಕಂತುಗಳ ಎಲ್ಲ ಪಾತ್ರಗಳ ಅರ್ಥವಿಲ್ಲದ ಮಾತುಗಳನ್ನೂ ಇಟಲಿಯ ಕಾರ್ಲೊ ಬೊನೊಮಿ ಎಂಬ ಒಬ್ಬರೇ ಆಡಿದ್ದು; ಕೇಳಿದರೆ ಯಾರು ಸಿಟ್ಟಾಗಿದ್ದಾರೆ, ಯಾರು ಗೋಗರೆಯುತ್ತಿದ್ದಾರೆ ಎಂಬುದು ಎರಡು ವರ್ಷದ ಮಗುವಿಗೂ ತಿಳಿಯುತ್ತದೆ. ಭಾಷೆಯಿಲ್ಲದಿದ್ದರೂ ಅಲ್ಲಿ ದನಿಯಿದೆ.

ಇನ್ನು ನಮ್ಮ ಕನ್ನಡದ ವಿಚಾರ. ಮಕ್ಕಳಿಗಾಗಿಯೇ ಕನ್ನಡದಲ್ಲಿ ಚಿಂಟು ಟಿ.ವಿ. ಎಂಬ ವಾಹಿನಿ 2009ರಲ್ಲಿ ಬಂತು. ಕನ್ನಡದ ದನಿಯಲ್ಲಿ ವಿದೇಶಿ ಕಾರ್ಟೂನ್‌ಗಳು ಮನೆಮನೆಗೆ ದಿನವಿಡೀ ಬರತೊಡಗಿದ್ದು ಆಗ. ಸ್ವಾರಸ್ಯವೆಂದರೆ ಸಿನಿಮಾ ಮತ್ತು ಧಾರಾವಾಹಿಗಳ ಡಬ್ಬಿಂಗ್‌ಗೆ ನಮ್ಮಲ್ಲಿ ಇನ್ನೂ ಬಲವಾದ ತಡೆ ಇದ್ದ ಕಾಲ ಅದು. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರ ಜುಲೈನಲ್ಲಿ. ಆ ತಡೆಯ ಹಿಂದಿದ್ದ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಚಿಕ್ಕ ಮಾರುಕಟ್ಟೆಯ ಕನ್ನಡ ಚಿತ್ರರಂಗ ತನ್ನ ಕಲಾವಿದರ, ತಂತ್ರಜ್ಞರ ಅನ್ನ ಉಳಿಸಿಕೊಳ್ಳಲು ಕಟ್ಟಿಕೊಂಡ ಬೇಲಿ ಅದು. ಆದರೆ ಆ ವಾದವನ್ನು ಕಾರ್ಟೂನಿಗೆ ಅನ್ವಯಿಸಲಾಗದು. ಸಿನಿಮಾದಲ್ಲಿ ನಟನಿಗೆ ಒಂದು ದೇಹವಿದೆ, ಅದಕ್ಕೆ ಅವನದೇ ದನಿಯಿದೆ. ಬೇರೆ ದನಿ ಕೂರಿಸಿದರೆ ಏನೋ ಒಂದು ಕಡಿದುಹೋಗುತ್ತದೆ. ಕಾರ್ಟೂನಿನ ಪಾತ್ರಕ್ಕೆ ತನ್ನದೆಂಬ ಗಂಟಲೇ ಇಲ್ಲ. ಅಮೆರಿಕದಲ್ಲಿ ಮೊದಲು ಮಾತು ಮುದ್ರಿಸಿಕೊಂಡು ಆಮೇಲೆ ಬಾಯಿ ಬರೆಯುತ್ತಾರೆ, ಜಪಾನಿನಲ್ಲಿ ಸಾಮಾನ್ಯವಾಗಿ ಚಿತ್ರ ಮಾಡಿ ಆಮೇಲೆ ಮಾತು ಕೂರಿಸುತ್ತಾರೆ. ಹೇಗಿದ್ದರೂ ಮೂಲವೇ ಒಂದು ಡಬ್ಬಿಂಗ್. ಜೊತೆಗೆ, ಅಗ್ಗದ ಟಿ.ವಿ. ಕಾರ್ಟೂನ್‌ಗಳಲ್ಲಿ ಬಾಯಿಗೆ ಇರುವುದೇ ಬೆರಳೆಣಿಕೆಯ ಆಕಾರಗಳು, ತೆರೆದದ್ದು, ಮುಚ್ಚಿದ್ದು, ದುಂಡಗಾದದ್ದು, ಹೀಗೆ. ಯಾವ ಭಾಷೆಯ ಮಾತಾದರೂ ಅಲ್ಲಿ ಹೊಂದಿಕೊಳ್ಳುತ್ತದೆ. ಕಾರ್ಟೂನಿಗೆ ಕನ್ನಡದ ದನಿ ಕೊಡುವವರು ಯಾರ ಅನ್ನವನ್ನೂ ಕಸಿಯುವುದಿಲ್ಲ. ಕೆಲವರಿಗೆ ಹೊಸದಾಗಿ ಅನ್ನ ಹುಟ್ಟುತ್ತದೆ.

ಈಗ ಹಲವು ಮಕ್ಕಳ ವಾಹಿನಿಗಳಲ್ಲಿ ರಿಮೋಟಿನಿಂದಲೇ ಕನ್ನಡವನ್ನು ಆರಿಸಿಕೊಳ್ಳಬಹುದು. ಸಂತೋಷವೇ. ಆದರೆ ಗುಣಮಟ್ಟದ ಬಗ್ಗೆ ಹೇಳಲೇಬೇಕಾದದ್ದಿದೆ. ಟಿ.ವಿ. ನಮ್ಮ ನಡುಮನೆಯಲ್ಲಿದೆ, ನಾನು ಬೆಳಗಿನ ಹೊತ್ತು ಒಲೆಯ ಮುಂದೆ ದೋಸೆ ಎರೆಯುತ್ತಿರುವಾಗ ಕಾರ್ಟೂನನ್ನು ಕೇಳುತ್ತೇನೆಯೇ ಹೊರತು ನೋಡುವುದಿಲ್ಲ. ಹಾಗೆ ಕೇಳುವುದು ಒಳ್ಳೆಯ ಪರೀಕ್ಷೆ. ಒಂದು ಸರಣಿಯಲ್ಲಿ ರಾಜ, ಕಳ್ಳ, ಅಂಗಡಿಯವ, ಬೆಕ್ಕು ಎಲ್ಲರೂ ಒಂದೇ ಸ್ಥಾಯಿಯಲ್ಲಿ ಕೂಗುತ್ತಾರೆ. ಇಬ್ಬರೋ ಮೂವರೋ ಕಲಾವಿದರು ಹತ್ತಾರು ಪಾತ್ರಗಳನ್ನು ಹಂಚಿಕೊಂಡಿರುವುದು ಸ್ಪಷ್ಟವಾಗಿ ಕೇಳುತ್ತದೆ. ವಾಕ್ಯ ಆರಂಭದಲ್ಲಿ ಎಳೆದುಕೊಂಡು ಹೋಗಿ, ಪಾತ್ರದ ಬಾಯಿ ಮುಚ್ಚುವ ಹೊತ್ತಾಯಿತೆಂದು ಕೊನೆಯ ಕ್ರಿಯಾಪದಕ್ಕೆ ಬಂದಾಗ ಓಡತೊಡಗುತ್ತದೆ. ತಂದೆಗೆ ಮಗ ಆಡುವ ಮಾತು ಸರ್ಕಾರಿ ಅರ್ಜಿಯ ಒಕ್ಕಣೆಯಂತಿರುತ್ತದೆ. ಸಾಲದೆಂಬಂತೆ ಎರಡು ಮಾತಿನ ನಡುವೆ ಒಂದು ಕ್ಷಣವೂ ಬಿಡುವಿಲ್ಲದಂತೆ ಸಂಗೀತ ತುಂಬಿರುತ್ತಾರೆ. ನಮ್ಮ ದೇಶದಲ್ಲೇ ತಯಾರಾದ, 2008ರಿಂದ ಬರುತ್ತಿರುವ ಛೋಟಾ ಭೀಮ್‌ನಂಥ ಜನಪ್ರಿಯ ಸರಣಿಯಲ್ಲೂ ನನಗೆ ಕಾಣುವ ಕೊರತೆ ಇದೇ. ಢೋಲಕ್‌ಪುರದ ಹುಡುಗರಿಗೆ ಸುಮ್ಮನಿರಲು ಯಾರೂ ಕಲಿಸಿಲ್ಲ.

ಆದರೆ ಇನ್ನೊಂದು ಸರಣಿಯಲ್ಲಿ, ಅದೂ ಕನ್ನಡಕ್ಕೆ ಡಬ್ ಆದದ್ದೇ, ಒಬ್ಬ ಅಜ್ಜಿಯ ಪಾತ್ರವಿದೆ. ಅವಳಿಗೆ ದನಿ ಕೊಟ್ಟ ಕಲಾವಿದೆ ಯಾರೋ ಧಾರವಾಡದ ಕಡೆಯವರಿರಬೇಕು. ಮೊಮ್ಮಗನನ್ನು ಬೈಯುವಾಗ ಮಾತಿನ ಕೊನೆಯನ್ನು ಅವರು ಮೇಲಕ್ಕೆತ್ತಿ ಒಂದು ಗಳಿಗೆ ಹಿಡಿದು ಬಿಡುತ್ತಾರೆ. ಅಡುಗೆಮನೆಯಲ್ಲಿದ್ದ ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತೆ. ಮಗಳು ಮಾರನೆಯ ದಿನ ಆ ಅಜ್ಜಿಯಂತೆಯೇ ಮಾತನಾಡುತ್ತಿದ್ದಳು. ಆ ಕಲಾವಿದೆಯ ಹೆಸರು ತಿಳಿಯೋಣವೆಂದು ಕಂತು ಮುಗಿಯುವ ತನಕ ಕಾದೆ. ಕನ್ನಡದ ದನಿ ಕೊಟ್ಟ ಒಬ್ಬರ ಹೆಸರೂ ಪರದೆಯ ಮೇಲೆ ಬರಲಿಲ್ಲ. ಮೂಲ ಸರಣಿಯ ಪಟ್ಟಿಯನ್ನೂ ಅರ್ಧಕ್ಕೇ ಕತ್ತರಿಸಿ ಜಾಹೀರಾತು ಹಾಕಿದರು.

ಇದರ ಜೊತೆಗೆ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸುತ್ತೇನೆ. ಪ್ರಾದೇಶಿಕ ಕನ್ನಡವನ್ನು ಬಳಸುವುದೆಂದರೆ ಕಳ್ಳನಿಗೋ ಪೆದ್ದನಿಗೋ ಒಂದು ಜಿಲ್ಲೆಯ ಮಾತು ಅಂಟಿಸಿ ನಗಿಸುವುದಲ್ಲ. ನಮ್ಮ ಸಿನಿಮಾಗಳು ಈ ತಪ್ಪನ್ನು ಬೇಕಾದಷ್ಟು ಮಾಡಿವೆ. ಕಲಬುರಗಿಯ, ಕುಂದಾಪುರದ, ಚಾಮರಾಜನಗರದ ಮಾತು ನಾಯಕನ ಬಾಯಲ್ಲೂ ಬರಲಿ, ವಿಜ್ಞಾನಿಯ ಬಾಯಲ್ಲೂ ಬರಲಿ, ಗಗನಯಾತ್ರಿ ಇಲಿಯ ಬಾಯಲ್ಲೂ ಬರಲಿ.

ದನಿಗಳ ಕೊರತೆ ನಮ್ಮಲ್ಲಿಲ್ಲ. ನಮ್ಮ ಸಾಗರದ ಪಕ್ಕದ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಿಂದ ಪ್ರತಿ ವರ್ಷ ಮಾತಿನ ತರಬೇತಿ ಪಡೆದ ಯುವಕ ಯುವತಿಯರು ಹೊರಬರುತ್ತಾರೆ. ಮೈಸೂರಿನ ರಂಗಾಯಣವಿದೆ, ಊರೂರಿನ ಹವ್ಯಾಸಿ ತಂಡಗಳಿವೆ, ಆಕಾಶವಾಣಿಯ ನಾಟಕಗಳಲ್ಲಿ ಪಳಗಿದವರಿದ್ದಾರೆ, ಅರ್ಥಧಾರಿಗಳಿದ್ದಾರೆ. ಇವರಲ್ಲಿ ಎಷ್ಟೋ ಮಂದಿ ಕೆಲಸಕ್ಕಾಗಿ ಬೆಂಗಳೂರಿನಲ್ಲಿ ಅಲೆಯುತ್ತಿರುವುದನ್ನು ನಾವು ಬಲ್ಲೆವು. ಅನಿಮೇಷನ್ ಉದ್ಯಮಕ್ಕಾಗಿ ದೇಶದಲ್ಲೇ ಮೊದಲು ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು; 2012ರಲ್ಲಿ ಬಂದ ಆ ನೀತಿಯ ಪರಿಷ್ಕೃತ ರೂಪ ಈಗ 2024ರಿಂದ 2029ರ ಅವಧಿಗೆ ಜಾರಿಯಲ್ಲಿದೆ. ಹೂಡಿಕೆ, ಉದ್ಯೋಗ, ರಫ್ತುಗಳ ಬಗ್ಗೆ ಯೋಚಿಸುವ ಸರ್ಕಾರ ಕನ್ನಡದ ಕಂಠದಾನ ಕಲಾವಿದರ ಮತ್ತು ಮಕ್ಕಳಿಗಾಗಿ ಸಂಭಾಷಣೆ ಬರೆಯುವವರ ತರಬೇತಿಗೂ ಅದರಲ್ಲಿ ಸ್ಪಷ್ಟವಾದ ಪಾಲು ಇಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ವಿದೇಶಿ ಸರಣಿಗಳಿಗೆ ಚಿತ್ರ ಕದಲಿಸುವ ಕೆಲಸವನ್ನು ಬೆಂಗಳೂರಿನ ಸ್ಟುಡಿಯೊಗಳು ವರ್ಷಗಳಿಂದ ಮಾಡುತ್ತ ಬಂದಿವೆ. ಹೊರಗಿನ ದೊಡ್ಡ ಸಂಸ್ಥೆಯೊಂದು ಮುಗ್ಗರಿಸಿದರೆ ಆ ಕೆಲಸ ರಾತ್ರೋರಾತ್ರಿ ನಿಲ್ಲುತ್ತದೆ ಎಂಬುದನ್ನು 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಕಂಡೆವು. ಕನ್ನಡದ ದನಿಯ ಕೆಲಸಕ್ಕೆ ಗಿರಾಕಿಗಳು ಇಲ್ಲಿಯೇ ಇದ್ದಾರೆ.

ವಾಹಿನಿಗಳವರಲ್ಲಿ ನನ್ನ ಬೇಡಿಕೆ ಇನ್ನೂ ಚಿಕ್ಕದು. ಕನ್ನಡದಲ್ಲಿ ದನಿ ಕೊಟ್ಟವರ, ಮಾತು ಬರೆದವರ ಹೆಸರನ್ನು ಕಂತಿನ ಕೊನೆಗೆ, ಓದಲು ಸಾಕಾಗುವಷ್ಟು ಹೊತ್ತು, ಕನ್ನಡ ಅಕ್ಷರಗಳಲ್ಲಿ ತೋರಿಸಲಿ. ಇದಕ್ಕೆ ಖರ್ಚಿಲ್ಲ.

ತಮ್ಮ ಪತ್ರಿಕೆಯೂ ಒಂದು ಕೆಲಸ ಮಾಡಬಹುದು. ಪ್ರತಿ ವಾರ ಹೊಸ ಸಿನಿಮಾಗಳ ವಿಮರ್ಶೆ ಬರುತ್ತದೆ, ಧಾರಾವಾಹಿ ತಾರೆಯರ ಸಂದರ್ಶನ ಬರುತ್ತದೆ. ಆದರೆ ನಾಡಿನ ಮಕ್ಕಳು ದಿನವೂ ನೋಡುವ ಕಾರ್ಟೂನ್‌ಗಳ ಕನ್ನಡ ಹೇಗಿದೆ, ಯಾವುದನ್ನು ಧೈರ್ಯವಾಗಿ ತೋರಿಸಬಹುದು, ಹಳೆಯ ಸರಣಿಗಳಲ್ಲಿ ಯಾವುದು ಇಂದಿಗೂ ಸಲ್ಲುತ್ತದೆ, ಯಾವುದಕ್ಕೆ ಪಕ್ಕದಲ್ಲಿ ಕುಳಿತು ಎರಡು ಮಾತು ವಿವರಿಸಬೇಕಾಗುತ್ತದೆ ಎಂಬ ಬಗ್ಗೆ ಎಲ್ಲಿಯೂ ಒಂದು ಸಾಲು ಕಾಣುವುದಿಲ್ಲ. ಭಾನುವಾರದ ಪುರವಣಿಯ ಮಕ್ಕಳ ಪುಟದಲ್ಲಿ ತಿಂಗಳಿಗೊಂದರಂತೆ ಇಂಥ ವಿಮರ್ಶೆಗೆ ಜಾಗ ಕೊಡುವುದಾದರೆ, ಮೊದಲನೆಯದನ್ನು ಆ ಧಾರವಾಡದ ಅಜ್ಜಿಯ ಬಗ್ಗೆ ಬರೆಯಲು ನಾನು ಸಿದ್ಧ.

ವಂದನೆಗಳೊಂದಿಗೆ,
ತಮ್ಮ ಪತ್ರಿಕೆಯ ಓದುಗರು
ಸಾಗರ, ಶಿವಮೊಗ್ಗ ಜಿಲ್ಲೆ